ಹಾಜರಾತಿ ಕೊರತೆಯ ಸಂದೇಶ ತಂದೆಯ ಮೊಬೈಲ್‌ಗೆ ಹೋಗುತ್ತದೆ; ಹೊಡೆಯುವವನೇ ತಂದೆಯಾದರೆ?

ಬ್ಯುರೆಟ್_ಮೇಡಂ

ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಯಾವ ಊರು, ಯಾವ ಕಾಲೇಜು ಎಂದು ಕೇಳಬೇಡಿ.

ಐದನೇ ಸೆಮಿಸ್ಟರಿನ ಹುಡುಗಿ. ಎಡಗೈಯಲ್ಲಿ ಬ್ಯುರೆಟ್ಟಿನ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ತಿರುಪು ಹಿಡಿದು ಬಲಗೈಯಲ್ಲಿ ಫ್ಲಾಸ್ಕ್ ಕುಲುಕಬೇಕೆಂದು ಮೊದಲ ವರ್ಷದಿಂದಲೇ ಹೇಳಿಕೊಡುತ್ತೇವೆ. ಈಕೆ ನಾಲ್ಕು ಹನಿ ಬಿಡುತ್ತಾಳೆ, ತಿರುಪು ನಿಲ್ಲಿಸುತ್ತಾಳೆ, ಅದೇ ಎಡಗೈಯಿಂದ ಫ್ಲಾಸ್ಕ್ ಅಲುಗಿಸುತ್ತಾಳೆ, ಮತ್ತೆ ತಿರುಪಿಗೆ ಕೈ ಹಾಕುತ್ತಾಳೆ. ಬಲಗೈ ಕೋಟಿನ ಜೇಬಿನಿಂದ ಹೊರಗೇ ಬರಲಿಲ್ಲ. ಕೇಳಿದರೆ ಬಾಗಿಲಿಗೆ ಸಿಕ್ಕಿತು ಎಂದಳು. ಎರಡು ವಾರ ಬಿಟ್ಟು ತಾನಾಗಿಯೇ ಬಂದು ಹೇಳಿದಳು.

ನಮ್ಮ ಕಾಲೇಜಿನ ತಂತ್ರಾಂಶ ಒಂದು ತರಗತಿ ತಪ್ಪಿದರೂ ಪೋಷಕರ ಮೊಬೈಲ್‌ಗೆ ಸಂದೇಶ ಕಳುಹಿಸುತ್ತದೆ. ಬಸ್ ತಡವಾಗಿ ಮೊದಲ ತರಗತಿ ತಪ್ಪಿದರೆ ಅಂದು ಸಂಜೆ ‘ಯಾರ ಜೊತೆ ಹೋಗಿದ್ದೆ’ ಎಂದು ವಿಚಾರಣೆ, ಹೊಡೆತ. ಹೊಡೆತ ಬಿದ್ದರೆ ಎರಡು ದಿನ ಕಾಲೇಜಿಗೆ ಬರಲಾಗುವುದಿಲ್ಲ. ಆ ಎರಡು ದಿನವೂ ಗೈರುಹಾಜರಿಯ ಲೆಕ್ಕಕ್ಕೆ. ಹೀಗೆ ಶೇ 75ಕ್ಕಿಂತ ಕೆಳಗೆ ಬಂದಿದ್ದಾಳೆ. ಈಗ ಕೊರತೆಯ ಮುಚ್ಚಳಿಕೆ ಪತ್ರಕ್ಕೆ ತಂದೆಯೇ ಕಾಲೇಜಿಗೆ ಬಂದು ಸಹಿ ಹಾಕಬೇಕಂತೆ!

ಪ್ರಾಂಶುಪಾಲರು ಒಳ್ಳೆಯವರು. ‘ಮನೆಯ ವಿಷಯ, ತಂದೆಯನ್ನು ಕರೆಸಿ ಬುದ್ಧಿ ಹೇಳೋಣ’ ಎಂದರು. ಎರಡು ದಿನ ತಡೆಯಿರಿ ಎಂದು ಬೇಡಿಕೊಂಡು ಬಂದಿದ್ದೇನೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಅಧ್ಯಕ್ಷೆ, ‘ಇದು ಕ್ಯಾಂಪಸ್ಸಿನ ಹೊರಗಿನದು, ನಮಗೆ ಬರುವುದಿಲ್ಲ’ ಎಂದರು. ಹಾಗಾದರೆ ಯಾರಿಗೆ ಬರುತ್ತದೆ?

ಕೊನೆಯ_ಬೆಂಚು

ಏನಾದರೂ ಮಾಡಿ, ತಂದೆಯನ್ನು ಮಾತ್ರ ಕರೆಸಬೇಡಿ. ಕರೆಸಿದ ದಿನವೇ ಆಕೆಯ ಓದು ಮುಗಿಯುತ್ತದೆ.

ಸಂಶಯಾತ್ಮ

ಒಂದು ಕಡೆಯ ಮಾತು ಕೇಳಿ ತೀರ್ಪು ಕೊಟ್ಟಾಯಿತು. ಶುಲ್ಕ ಕಟ್ಟುವವರು ಪೋಷಕರು. ಮಗಳು ತರಗತಿಯಲ್ಲಿ ಇಲ್ಲವೆಂದರೆ ಅದು ತಿಳಿಯುವ ಹಕ್ಕು ಅವರಿಗಿಲ್ಲವೇ? ನಾನೂ ಹೆಣ್ಣುಮಗಳ ತಂದೆ. ಆ ಸಂದೇಶದ ವ್ಯವಸ್ಥೆ ಬಂದ ಮೇಲೆ ನನಗೆ ನೆಮ್ಮದಿಯಾಗಿದೆ. ಯಾರೋ ಒಬ್ಬ ಹೊಡೆಯುತ್ತಾನೆಂದು ಎಲ್ಲರ ಸಂದೇಶ ನಿಲ್ಲಿಸುತ್ತೀರಾ?

ಬ್ಯುರೆಟ್_ಮೇಡಂ

ಸರ್, ನಿಮ್ಮ ಸಂದೇಶ ನಿಮಗೆ ಬರಲಿ, ಯಾರೂ ಬೇಡವೆನ್ನಲಿಲ್ಲ. ಒಬ್ಬಳ ಸಂದೇಶ ನಿಲ್ಲಿಸುವ ದಾರಿ ಆ ತಂತ್ರಾಂಶದಲ್ಲಿ ಇಲ್ಲವೇ ಎಂದು ಕೇಳುತ್ತಿದ್ದೇನೆ. ಆಕೆಗೆ 20 ವರ್ಷ. ಮತ ಹಾಕಿದ್ದಾಳೆ.

ಕಪ್ಪು_ಕೋಟು

ಮೇಡಂ, ಸಮಿತಿಯ ಅಧ್ಯಕ್ಷೆ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಮನೆಯೊಳಗಿನ ಹೊಡೆತದ ವಿಚಾರಣೆಯನ್ನು ಆ ಸಮಿತಿ ನಡೆಸಲಾಗದು. 2013ರ ಕೆಲಸದ ಸ್ಥಳದ ಕಾಯ್ದೆ ಇರುವುದು ಲೈಂಗಿಕ ಕಿರುಕುಳಕ್ಕೆ. ಆದರೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿಯನ್ನು ಒಮ್ಮೆ ಓದಲು ಹೇಳಿ. ವಿದ್ಯಾರ್ಥಿಗಳ ಮೇಲೆ ಲಿಂಗದ ಕಾರಣಕ್ಕೆ ನಡೆಯುವ ಎಲ್ಲ ಬಗೆಯ ಹಿಂಸೆಯ ವಿರುದ್ಧ ದೃಢವಾಗಿ ಕ್ರಮ ಕೈಗೊಳ್ಳುವುದು ಸಂಸ್ಥೆಯ ಹೊಣೆ ಎಂದು ಅಲ್ಲಿ ಬರೆದಿದೆ. ಹೊಣೆ ಹೊರಿಸಿರುವುದು ಸಂಸ್ಥೆಯ ಮೇಲೆ. ಸಮಿತಿಗೆ ಬರುವುದಿಲ್ಲವೆಂದ ಮಾತ್ರಕ್ಕೆ ಪ್ರಾಂಶುಪಾಲರ ಮೇಜಿನಿಂದ ಅದು ಎದ್ದು ಹೋಗುವುದಿಲ್ಲ.

ಮನೆಯ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದು ಗಂಡ ಹೆಂಡತಿಯರ ಕಾಯ್ದೆ ಎಂದು ಓದಿದವರೇ ತಿಳಿದುಕೊಂಡಿದ್ದಾರೆ. ಒಂದೇ ಮನೆಯಲ್ಲಿ ಬದುಕುವ ಮಗಳು, ತಂಗಿ, ತಾಯಿ ಎಲ್ಲರೂ ಇದರಡಿ ಬರುತ್ತಾರೆ. ಇದರ ನಿಯಮಗಳ ಜೊತೆ ಕೌಟುಂಬಿಕ ಘಟನಾ ವರದಿಯ ನಮೂನೆ ಇದೆ. ದೌರ್ಜನ್ಯದ ಬಗೆಗಳನ್ನು ಪಟ್ಟಿ ಮಾಡಿ ಗುರುತು ಹಾಕಲು ಜಾಗ ಬಿಟ್ಟಿದ್ದಾರೆ. ಶಾಲೆಗೋ ಕಾಲೇಜಿಗೋ ಹೋಗದಂತೆ ಬಲವಂತ ಮಾಡುವುದು ಆ ಪಟ್ಟಿಯಲ್ಲಿದೆ. ಇಷ್ಟವಿಲ್ಲದ ಮದುವೆಗೆ ಒತ್ತಾಯಿಸುವುದೂ ಇದೆ. ಎಷ್ಟು ಪ್ರಾಧ್ಯಾಪಕರು ಆ ನಮೂನೆಯನ್ನು ಕಣ್ಣಿನಿಂದ ನೋಡಿದ್ದಾರೆ?

ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಈ ಕಾಯ್ದೆಯಡಿ ನೊಂದವರಿಗೆ ನೆರವಾಗಬೇಕಾದವರು. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಅವರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಬಿಳಿ_ಪರದೆ

ಆಪ್ತಸಮಾಲೋಚಕಿಯಾಗಿ ಎರಡು ಕಾಲೇಜುಗಳಲ್ಲಿ ವಾರಕ್ಕೆ ಎರಡೆರಡು ದಿನ ಕೂರುತ್ತೇನೆ. ವಕೀಲರು ಹೇಳಿದ್ದು ಸರಿ, ಆದರೆ ಮೇಡಂ, ನಾಳೆಯೇ ಸಿಡಿಪಿಒ ಕಚೇರಿಗೆ ಓಡಬೇಡಿ. ಕಾನೂನು ನಿಮಗೆ ಅವಕಾಶ ಕೊಟ್ಟಿದೆ ಎಂದ ಮಾತ್ರಕ್ಕೆ ಆಕೆಯನ್ನು ಕೇಳದೆ ಹೆಜ್ಜೆ ಇಟ್ಟರೆ, ಮನೆಯಲ್ಲಿ ತಂದೆ ಮಾಡುತ್ತಿರುವುದನ್ನೇ ನೀವೂ ಮಾಡಿದ ಹಾಗೆ. ಇನ್ನೊಬ್ಬರು ಅವಳ ಪರವಾಗಿ ತೀರ್ಮಾನಿಸುವುದು.

ಹಿಂಸೆಯಿಂದ ಬಿಡಿಸಿಕೊಳ್ಳಲು ಹೊರಡುವ ಹೊತ್ತೇ ಬಹಳ ಅಪಾಯದ ಹೊತ್ತು. ಹತೋಟಿ ಕೈತಪ್ಪುತ್ತಿದೆ ಎಂದು ಹೊಡೆಯುವವನಿಗೆ ಗೊತ್ತಾಗುವುದು ಆಗಲೇ. ‘ಮನೆ ಬಿಟ್ಟು ಬಾ’ ಎನ್ನುವ ಮೊದಲು ಅಂದು ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿರಬೇಕು. ಸಖಿ ಒನ್ ಸ್ಟಾಪ್ ಕೇಂದ್ರಗಳು 2015ರಿಂದ ಇವೆ. ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಕೆಲವು ದಿನಗಳ ಆಶ್ರಯ ಎಲ್ಲವೂ ಒಂದೇ ಕಡೆ ಸಿಗಬೇಕೆಂಬುದು ಯೋಜನೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಆದರೆ ಆಕೆಯ ಮೊಬೈಲ್‌ನಿಂದ ಮಾಡಿಸಬೇಡಿ. ಇಂಥ ಮನೆಗಳಲ್ಲಿ ಕರೆಗಳ ಪಟ್ಟಿಯನ್ನು ದಿನವೂ ನೋಡುತ್ತಾರೆ. ವಿಭಾಗದ ದೂರವಾಣಿ ಕೊಡಿ, ಬಾಗಿಲು ಮುಂದೆ ಮಾಡಿ, ನೀವು ಹೊರಗೆ ನಿಲ್ಲಿ.

‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ವಿದ್ಯಾರ್ಥಿಗೆ 18 ತುಂಬಿಲ್ಲದಿದ್ದರೆ, ನಡೆದದ್ದು ಲೈಂಗಿಕ ಅಪರಾಧವಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ತಿಳಿದವರು ವರದಿ ಮಾಡಲೇಬೇಕು. ಮಾಡದಿದ್ದರೆ ಅದೂ ಅಪರಾಧ. ಪದವಿಯ ಮೊದಲ ವರ್ಷದಲ್ಲಿ 17ರ ಮಕ್ಕಳು ಇರುತ್ತಾರೆ. ಎಲ್ಲ ಕೇಳಿಸಿಕೊಂಡು ಕೊನೆಗೆ ‘ನಾನು ಹೇಳಲೇಬೇಕಾಗುತ್ತದೆ’ ಎಂದರೆ ಆ ಮಗು ಇನ್ನೆಂದೂ ಬಾಯಿ ಬಿಡುವುದಿಲ್ಲ. ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂಬುದನ್ನು ಮಾತು ಶುರುವಾಗುವ ಮೊದಲೇ ಹೇಳಿಬಿಡಿ.

ಕೊನೆಯ_ಬೆಂಚು

ನಮ್ಮ ಕಾಲೇಜಿನ ಸಮಾಲೋಚನಾ ಕೊಠಡಿ ಪ್ರಾಂಶುಪಾಲರ ಕೊಠಡಿಯ ಎದುರಿಗೇ ಇತ್ತು. ಹೊರಗೆ ದಾರದಲ್ಲಿ ಪೆನ್ನು ಕಟ್ಟಿದ ನೋಂದಣಿ ಪುಸ್ತಕ. ಹೆಸರು, ತರಗತಿ, ಬಂದ ಕಾರಣ. ಕಾರಣದ ಕೆಳಗೆ ಎಲ್ಲರೂ ‘ತಲೆನೋವು’ ಎಂದು ಬರೆದಿದ್ದರು. ಪುಟಗಟ್ಟಲೆ ತಲೆನೋವು.

ಬಿಳಿ_ಪರದೆ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ನಾನು ಸೇರಿದ ವಾರವೇ ಅಂಥದ್ದೊಂದು ಪುಸ್ತಕ ತೆಗೆಸಿದೆ. ಈಗ ಗ್ರಂಥಾಲಯದ ಹಿಂದಿನ ಕೊಠಡಿಯಲ್ಲಿ ಕೂರುತ್ತೇನೆ. ಅಲ್ಲಿಗೆ ಯಾರು ಹೋದರೂ ಪುಸ್ತಕಕ್ಕೆ ಹೋದ ಹಾಗೆ ಕಾಣುತ್ತದೆ.

ಆರನೇ_ಟೇಬಲ್

ವಿಶ್ವವಿದ್ಯಾಲಯವೊಂದರ ಆಡಳಿತ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಿಂದ ಅಧೀಕ್ಷಕನವರೆಗೆ ದುಡಿದು ನಿವೃತ್ತನಾದವನು. ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಸಮಿತಿಯಲ್ಲಿಲ್ಲ, ಕಚೇರಿಯಲ್ಲಿದೆ. ಹುಡುಗಿಯನ್ನು ಹೊಡೆಯುವವನ ಕೈಗೆ ಒಪ್ಪಿಸುವ ಕೆಲಸವನ್ನು ನಾವು ಗುಮಾಸ್ತರು ಬಹಳ ಅಚ್ಚುಕಟ್ಟಾಗಿ, ಟಪಾಲು ಪುಸ್ತಕದಲ್ಲಿ ನಮೂದಿಸಿಯೇ ಮಾಡುತ್ತೇವೆ.

ಒಂದು ಪ್ರಸಂಗ. ಮದುವೆಯಾದ ವಿದ್ಯಾರ್ಥಿನಿ, ಸ್ನಾತಕೋತ್ತರ ತರಗತಿ. ಗಂಡನ ಮನೆ ಬಿಟ್ಟು ಗೆಳತಿಯೊಬ್ಬಳ ಕೊಠಡಿಯಲ್ಲಿದ್ದಳು. ವಿಳಾಸ ಬದಲಾವಣೆಗೆ ಅರ್ಜಿ ಕೊಟ್ಟಳು. ನಾವು ಏನು ಮಾಡಿದೆವು ಗೊತ್ತೇ? ಕ್ರಮದ ಪ್ರಕಾರ ‘ನಿಮ್ಮ ವಿಳಾಸ ಈ ಕೆಳಕಂಡಂತೆ ಬದಲಾಗಿದೆ’ ಎಂಬ ತಿಳಿವಳಿಕೆ ಪತ್ರವನ್ನು ಹಳೆಯ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಹೊಸ ವಿಳಾಸ ಪೂರ್ತಿಯಾಗಿ, ಪಿನ್ ಕೋಡ್ ಸಮೇತ. ಮೂರನೇ ದಿನ ಗಂಡ ಆ ಕೊಠಡಿಯ ಬಾಗಿಲಲ್ಲಿ. ಪತ್ರಕ್ಕೆ ಸಹಿ ಹಾಕಿದವನು ನಾನು. ನಿಯಮ ಮೀರಿರಲಿಲ್ಲ, ಆದ್ದರಿಂದ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಆಕೆಗೆ ಪ್ರಾಣಕ್ಕೆ ಏನೂ ಆಗಲಿಲ್ಲ, ಪರೀಕ್ಷೆಯನ್ನೂ ಬರೆದಳು. ಆದರೆ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತು ಆ ಲಕೋಟೆಯನ್ನು ಇಟ್ಟು ಹೋದಳು. ಒಂದು ಮಾತೂ ಆಡಲಿಲ್ಲ. ಆಮೇಲೆ ನಾನು ಮಾಡಿದ್ದು ಒಂದೇ: ಕಡತದ ಹೊದಿಕೆಯ ಮೇಲೆ ‘ಅರ್ಜಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ಮಾಹಿತಿ ಕೊಡತಕ್ಕದ್ದಲ್ಲ’ ಎಂದು ಕೆಂಪು ಶಾಯಿಯಲ್ಲಿ ಷರಾ ಬರೆಯುವ ಪದ್ಧತಿ. ಮೇಲಿನಿಂದ ಸುತ್ತೋಲೆ ಬರಲೆಂದು ಕಾಯಲಿಲ್ಲ. ಅಧೀಕ್ಷಕ ಮನಸ್ಸು ಮಾಡಿದರೆ ಸಾಕು.

ಪೋಷಕರ ಮೊಬೈಲ್ ಸಂಖ್ಯೆ ಬದಲಿಸಲು ಪೋಷಕರ ಸಹಿ ಬೇಕೆಂದು ನಿಮ್ಮ ಕಚೇರಿ ಹೇಳಬಹುದು. ಯಾವ ನಿಯಮದಡಿ ಎಂದು ಬರವಣಿಗೆಯಲ್ಲಿ ಕೇಳಿ. ಬಹುತೇಕ ಕಡೆ ಅದು ನಿಯಮವಲ್ಲ, ರೂಢಿ.

ಸಂಶಯಾತ್ಮ

ಆರನೇ ಟೇಬಲ್ ಅವರೇ, ನಿಮ್ಮ ಪ್ರಸಂಗ ಓದಿ ಬೇಸರವಾಯಿತು. ಆದರೂ ಕೇಳುತ್ತೇನೆ. ಸಂಖ್ಯೆ ಬದಲಿಸಲು ಇಷ್ಟು ಸುಲಭವಾದರೆ ತರಗತಿ ತಪ್ಪಿಸುವ ಪ್ರತಿಯೊಬ್ಬನೂ ‘ನನ್ನ ತಂದೆ ಹೊಡೆಯುತ್ತಾರೆ’ ಎಂದು ಅರ್ಜಿ ಹಾಕುವುದಿಲ್ಲವೇ?

ಆರನೇ_ಟೇಬಲ್

ಹಾಕಲಿ. ಹತ್ತು ಸೋಮಾರಿಗಳು ತಪ್ಪಿಸಿಕೊಂಡರೆ ವಿಶ್ವವಿದ್ಯಾಲಯ ಮುಳುಗುವುದಿಲ್ಲ. ಅವರು ಈಗಲೂ ತಮ್ಮ ಗೆಳೆಯನ ಸಂಖ್ಯೆಯನ್ನೇ ತಂದೆಯದೆಂದು ಬರೆದುಕೊಟ್ಟಿದ್ದಾರೆ. ಮೂವತ್ತು ವರ್ಷ ನೋಡಿದ್ದೇನೆ.

ಅರ್ಧ_ಪ್ರಬಂಧ

ಚರ್ಚೆ ಮನೆಯೊಳಗೇ ಸುತ್ತುತ್ತಿದೆ. ಕ್ಯಾಂಪಸ್ಸಿನೊಳಗಿನ ಮಾತನ್ನೂ ಆಡೋಣ.

ನಾನು ಸಂಶೋಧನಾ ವಿದ್ಯಾರ್ಥಿನಿ. ನನ್ನ ಹಿರಿಯ ಸಹಪಾಠಿಯೊಬ್ಬರಿಗೆ ಕಿರುಕುಳ ಕೊಟ್ಟವರು ಅವರ ಮಾರ್ಗದರ್ಶಕರೇ. ದೂರು ಕೊಟ್ಟರು. ವಿಚಾರಣೆ ನಡೆಯುತ್ತಿದ್ದಾಗಲೂ ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಗೆ ಅದೇ ಮಹಾನುಭಾವರ ಸಹಿ ಬೇಕಿತ್ತು. ಸಹಿ ಇಲ್ಲದೆ ಶಿಷ್ಯವೇತನ ಬಿಡುಗಡೆಯಾಗುವುದಿಲ್ಲ. ನಾಲ್ಕು ತಿಂಗಳು ಹಣವಿಲ್ಲದೆ ಕಳೆದರು. ಪ್ರಯೋಗಾಲಯದ ಬೀಗದ ಕೈ ಅವರ ಬಳಿ, ಮಾದರಿಗಳು ಅವರ ಶೀತಕದಲ್ಲಿ. ‘ದೂರು ಕೊಡಿ, ನಾವಿದ್ದೇವೆ’ ಎಂದು ಗೋಡೆಯ ಮೇಲೆ ಬರೆಯುವವರಿಗೆ ಈ ಬೀಗದ ಕೈಯ ವಿಷಯ ಗೊತ್ತಿರುವುದಿಲ್ಲ.

ಕೊನೆಗೆ ಯುಜಿಸಿ ನಿಯಮಾವಳಿಯಲ್ಲಿ ಮಧ್ಯಂತರ ಪರಿಹಾರ ಎಂಬುದೊಂದು ಇದೆ ಎಂದು ಅವರೇ ಹುಡುಕಿ ತೆಗೆದರು. ವಿಚಾರಣೆ ಮುಗಿಯುವವರೆಗೆ ಆರೋಪಿತ ವ್ಯಕ್ತಿ ದೂರುದಾರರ ಕೆಲಸ, ಪರೀಕ್ಷೆಗಳ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಇಬ್ಬರಲ್ಲಿ ಒಬ್ಬರನ್ನು ಬೇರೆ ವಿಭಾಗಕ್ಕೆ ಕಳುಹಿಸಬಹುದು. ದೂರುದಾರರಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು, ಅದರಿಂದ ಅವರ ಸ್ಥಾನಮಾನಕ್ಕೆ, ಸೌಲಭ್ಯಗಳಿಗೆ ಕುಂದು ಬರಬಾರದು. ಆರೋಪಿತರು ದೂರ ಇರಬೇಕೆಂದು ಎಚ್ಚರಿಕೆ ಕೊಡಬಹುದು. ಇಷ್ಟೂ ಕಾಗದದಲ್ಲಿದೆ. ಸಮಿತಿಯವರು ಓದಿರಲಿಲ್ಲ!

ಇನ್ನೊಂದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕಂತೆ. ಮಾರ್ಗದರ್ಶಕನ ಕೈಯಲ್ಲಿ ಐದು ವರ್ಷದ ಬದುಕು ಇರುವವಳಿಗೆ ಮೂರು ತಿಂಗಳು! ‘ಇದು ಕಿರುಕುಳವೇ, ನನ್ನ ಭ್ರಮೆಯೇ’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದರಲ್ಲೇ ಅಷ್ಟು ಕಳೆಯುತ್ತದೆ.

ಕಪ್ಪು_ಕೋಟು

ಮೂರು ತಿಂಗಳ ಲೆಕ್ಕ ಕೊನೆಯ ಘಟನೆಯಿಂದ ಶುರು. ತಡವಾದುದಕ್ಕೆ ಕಾರಣ ಒಪ್ಪುವಂತಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳು ಕೊಡಬಹುದು. ಅದೂ ಸಾಲದು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸಮಿತಿಯ ಗಡುವು ಮುಗಿದರೂ ಪೊಲೀಸ್ ದೂರಿನ ದಾರಿ ಮುಚ್ಚುವುದಿಲ್ಲ. ನಡೆದದ್ದು ಅಪರಾಧವಾಗಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂದು ಅವರು ಕಳುಹಿಸುವಂತಿಲ್ಲ. ಝೀರೋ ಎಫ್‌ಐಆರ್ ಎನ್ನುವುದು ಇದಕ್ಕೇ. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ ಬದಲು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟ ಜಾಗವಿದೆ. ದೂರು ಕೊಡಲು ಬಯಸುವ ಮಹಿಳೆಗೆ ನೆರವಾಗುವುದು ಸಂಸ್ಥೆಯ ಕರ್ತವ್ಯ ಎಂದು 2013ರ ಕಾಯ್ದೆಯೇ ಹೇಳುತ್ತದೆ. ‘ಹೆಸರು ಕೆಡುತ್ತದೆ, ಪೊಲೀಸರ ತನಕ ಬೇಡ’ ಎನ್ನುವ ಕುಲಸಚಿವರಿಗೆ ಆ ಸಾಲನ್ನು ಓದಿ ಹೇಳಿ.

ಮಳೆಬಿಲ್ಲು_ಕೊಡೆ

ಹುಡುಗರಿಗೆ ಏನೂ ಇಲ್ಲವೇ? ಕಾಯ್ದೆಯ ಹೆಸರಿನಲ್ಲೇ ಮಹಿಳೆಯರು ಎಂದಿದೆ. ಹಾಸ್ಟೆಲ್‌ನಲ್ಲಿ ನನಗೆ ಆದದ್ದನ್ನು ಹೇಳಿದಾಗ ವಾರ್ಡನ್ ನಕ್ಕರು. ‘ಗಂಡಸಾಗಿ ತಡೆಯಲಾಗಲಿಲ್ಲವೇ’ ಎಂದರು. ಅಷ್ಟೇ. ಆಮೇಲೆ ಯಾರಿಗೂ ಹೇಳಲಿಲ್ಲ, ಇಂದು ಇಲ್ಲಿ ಬರೆಯುತ್ತಿದ್ದೇನೆ.

ಬಿಳಿ_ಪರದೆ

ಬರೆದದ್ದು ಒಳ್ಳೆಯದಾಯಿತು. ಆ ನಗು ತಪ್ಪು, ನಿಮ್ಮದು ಏನೂ ತಪ್ಪಿಲ್ಲ. ಯುಜಿಸಿ ನಿಯಮಾವಳಿಯ ಶೀರ್ಷಿಕೆಯಲ್ಲಿ ಮಹಿಳೆಯರು ಎಂದಿದ್ದರೂ, ಕೆಲವು ಪುರುಷ ವಿದ್ಯಾರ್ಥಿಗಳೂ ತೃತೀಯ ಲಿಂಗಿಗಳೂ ಇಂಥ ಹಿಂಸೆಗೆ ಒಳಗಾಗಬಹುದೆಂದು ಒಳಗೆ ಸ್ಪಷ್ಟವಾಗಿ ಬರೆದಿದೆ. ಆದ್ದರಿಂದ ಸಂಸ್ಥೆ ‘ನಮ್ಮಲ್ಲಿ ಅವಕಾಶವಿಲ್ಲ’ ಎನ್ನುವಂತಿಲ್ಲ. ಯಾರಿಗೂ ದೂರು ಕೊಡುವ ಮನಸ್ಸಿಲ್ಲದಿದ್ದರೂ ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹೆಸರು ಹೇಳಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಮಳೆಬಿಲ್ಲು_ಕೊಡೆ

ಧನ್ಯವಾದ ಅಕ್ಕ.

ಬೀಗದ_ಗೊಂಚಲು

ನಾನೂ ವಾರ್ಡನ್. ಮೇಲಿನದನ್ನು ಓದಿ ನಾಚಿಕೆಯಾಯಿತು. ನಮಗೆ ಈ ಕೆಲಸಕ್ಕೆ ತರಬೇತಿ ಎಂದರೆ ಬೆಂಕಿ ಆರಿಸುವ ಸಿಲಿಂಡರ್ ಹಿಡಿಯುವುದು ಮಾತ್ರ.

ರಜೆಯ ವಿಷಯ ಯಾರೂ ಎತ್ತಲಿಲ್ಲ. ಸೆಮಿಸ್ಟರ್ ಮುಗಿದು ಹಾಸ್ಟೆಲ್ ಮುಚ್ಚುವ ದಿನ ಎಲ್ಲರೂ ಕುಣಿಯುತ್ತಾ ಹೊರಡುತ್ತಾರೆ. ಒಬ್ಬಿಬ್ಬರು ಮಾತ್ರ ಪೆಟ್ಟಿಗೆಯನ್ನು ಕಟ್ಟುತ್ತಾರೆ, ಬಿಚ್ಚುತ್ತಾರೆ. ‘ಮೇಡಂ, ಗ್ರಂಥಾಲಯದಲ್ಲಿ ಓದುವುದಿದೆ, ಇನ್ನೊಂದು ವಾರ ಇರಲೇ’ ಎನ್ನುತ್ತಾರೆ. ಮೊದಲ ವರ್ಷ ನನಗೆ ಅರ್ಥವಾಗಲಿಲ್ಲ, ಗದರಿ ಕಳುಹಿಸಿದೆ. ಈಗ ಮೇಲಿನ ಅಂತಸ್ತಿನ ನಾಲ್ಕು ಕೊಠಡಿಗಳನ್ನು ‘ದುರಸ್ತಿ’ ಎಂದು ತೋರಿಸಿ ತೆರೆದಿಡುತ್ತೇನೆ. ಲೆಕ್ಕಪರಿಶೋಧಕರು ಈ ವೇದಿಕೆ ಓದುವುದಿಲ್ಲವೆಂದು ನಂಬಿದ್ದೇನೆ.

ಸುಳ್ಳು ಹೇಳಿ ಮಾಡಬೇಕಾಗಿ ಬಂದಿರುವುದೇ ನನ್ನ ಸಂಕಟ. ವರ್ಷದ 365 ದಿನವೂ ಕೆಲವು ಕೊಠಡಿ ತೆರೆದಿರಲಿ, ಕಾರಣ ಕೇಳದೆ ಕೊಡಲಿ.

ಸಂಶಯಾತ್ಮ

ಕಾರಣ ಕೇಳದೆ ಕೊಟ್ಟು, ರಾತ್ರಿ ಯಾವಾಗ ಬೇಕಾದರೂ ಬರಲಿ ಎಂದು ಗೇಟನ್ನೂ ತೆಗೆದಿಡಿ. ಸುರಕ್ಷತೆ ಬೇಕು ಎನ್ನುವವರೂ ನೀವೇ, ಸಮಯದ ಕಟ್ಟುಪಾಡು ಬೇಡ ಎನ್ನುವವರೂ ನೀವೇ.

ಅರ್ಧ_ಪ್ರಬಂಧ

ಗೇಟು ಎಲ್ಲಿಂದ ಬಂತು! ಆದರೂ ಹೇಳುತ್ತೇನೆ. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ನಿಯಮವನ್ನು ಹುಡುಗಿಯರ ಹಾಸ್ಟೆಲ್ ಮೇಲೆ ಹೇರಬಾರದು ಎಂದು ಅದೇ ಯುಜಿಸಿ ನಿಯಮಾವಳಿಯಲ್ಲಿದೆ. ನಿಮ್ಮ ಗೇಟು ಸಂಜೆ ಮುಚ್ಚಿದ ಮೇಲೆ ಯಾರಿಂದಲೋ ತಪ್ಪಿಸಿಕೊಂಡು ಓಡಿ ಬಂದವಳು ಎಲ್ಲಿ ನಿಲ್ಲಬೇಕು? ಹೊರಗೆ. ತಡವಾಗಿ ಬಂದುದಕ್ಕೆ ಕಾರಣ ಬರೆದುಕೊಡು ಎನ್ನುವ ಭದ್ರತಾ ಸಿಬ್ಬಂದಿಯ ಮುಂದೆ. ಅವನು ಬರೆಸಿಕೊಂಡದ್ದು ಬೆಳಗಾಗುವ ಹೊತ್ತಿಗೆ ಮನೆಗೆ ಫೋನು.

ಬೀಗದ_ಗೊಂಚಲು

ಗೇಟಿನ ಬಗ್ಗೆ ನನಗೂ ಅರ್ಧ ಮರ್ಧ ಅಭಿಪ್ರಾಯಗಳಿವೆ, ಆದರೆ ಕೊನೆಯ ಸಾಲು ನಿಜ. ಮನೆಗೆ ಫೋನು ಮಾಡುವುದೇ ನಮ್ಮ ಎಲ್ಲ ರೋಗಕ್ಕೂ ಮದ್ದು.

ಗೋಂದಿನ_ಡಬ್ಬಿ

ವಿಷಯಾಂತರಕ್ಕೆ ಕ್ಷಮಿಸಿ. ನಮ್ಮ ವಿಭಾಗದ ಗೋಡೆಯ ಮೇಲೆ ದೂರು ಸಮಿತಿಯ ಫಲಕವಿದೆ. ಐದು ಹೆಸರುಗಳಲ್ಲಿ ಇಬ್ಬರು ನಿವೃತ್ತರು, ಒಬ್ಬರು ವರ್ಗವಾಗಿದ್ದಾರೆ. ಸುಮ್ಮನೆ ಆ ಸಂಖ್ಯೆಗೆ ಕರೆ ಮಾಡಿ ನೋಡಿದೆ. ಎತ್ತಿದವರು ಸಿಮೆಂಟ್ ವ್ಯಾಪಾರಿ. ‘ಎಷ್ಟು ಚೀಲ ಬೇಕು’ ಎಂದರು.

ಕಪ್ಪು_ಕೋಟು

ನಗು ಬಂದರೂ ಇದು ವಿಷಯಾಂತರವಲ್ಲ. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಗೋವಾ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಪ್ರಕರಣದಲ್ಲಿ ತೀರ್ಪು ಕೊಡುವಾಗ ಇದನ್ನೇ ಎತ್ತಿತು. ಸಮಿತಿಗಳು ನಿಜಕ್ಕೂ ರಚನೆಯಾಗಿವೆಯೇ, ಕಾಯ್ದೆಯ ಪ್ರಕಾರ ಇವೆಯೇ ಎಂದು ಪರಿಶೀಲಿಸಿ, ಸದಸ್ಯರ ವಿವರವನ್ನು ಜಾಲತಾಣದಲ್ಲಿ ಹಾಕಿ ಆಗಾಗ ತಿದ್ದುತ್ತಿರಬೇಕು ಎಂದಿತು.

ಸಂಶಯಾತ್ಮ ಅವರಿಗೆ ಅದೇ ತೀರ್ಪಿನ ಇನ್ನೊಂದು ಮುಖ ಹೇಳುತ್ತೇನೆ, ಅವರಿಗೆ ಸಂತೋಷವಾಗಬಹುದು. ಆರೋಪಿತರಿಗೆ ವಾದ ಮಂಡಿಸಲು ಸರಿಯಾದ ಅವಕಾಶ ಕೊಡದೆ ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿತ್ತು ಎಂದು ಕೋರ್ಟ್ ಆ ಶಿಕ್ಷೆಯನ್ನೇ ರದ್ದು ಮಾಡಿ ವಿಚಾರಣೆಯನ್ನು ಹಿಂದಕ್ಕೆ ಕಳುಹಿಸಿತು. ಇದರಿಂದ ನಷ್ಟವಾದದ್ದು ಯಾರಿಗೆ? ದೂರು ಕೊಟ್ಟವರಿಗೂ. ವರ್ಷಗಳ ನಂತರ ಮತ್ತೆ ಮೊದಲಿನಿಂದ. ವಿಚಾರಣೆ ನಡೆಸಲು ಬಾರದ ಸಮಿತಿ ಇಬ್ಬರಿಗೂ ಅನ್ಯಾಯ ಮಾಡುತ್ತದೆ.

ಸಂಶಯಾತ್ಮ

ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಸುಳ್ಳು ದೂರಿಗೂ ಶಿಕ್ಷೆ ಇದೆ ತಾನೇ?

ಕಪ್ಪು_ಕೋಟು

ಮೊದಲಿನಿಂದ ನೀವು ಹೇಳುತ್ತಿದ್ದುದು ಅದಲ್ಲ, ಇರಲಿ. ದುರುದ್ದೇಶದ ದೂರಿಗೆ 2013ರ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಕ್ರಮವಿದೆ. ಆದರೆ ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂಬುದಷ್ಟೇ ಸುಳ್ಳು ದೂರಲ್ಲ ಎಂದು ಅದೇ ಸೆಕ್ಷನ್ನಿನಲ್ಲಿದೆ. ದುರುದ್ದೇಶ ಇತ್ತೆಂದು ವಿಚಾರಣೆಯಲ್ಲಿ ತೀರ್ಮಾನವಾಗಬೇಕು. ಈ ಎರಡನೆಯ ಅರ್ಧವನ್ನು ನುಂಗಿ ಮೊದಲ ಅರ್ಧವನ್ನು ಮಾತ್ರ ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವ ಕಾಲೇಜುಗಳನ್ನು ನೋಡಿದ್ದೇನೆ. ಅಂಥ ಫಲಕದ ಕೆಳಗೆ ಯಾವ ಹುಡುಗಿ ಬಂದು ದೂರು ಕೊಡುತ್ತಾಳೆ?

ಎರಡನೇ_ಪ್ರತಿ

ಅಂಕಪಟ್ಟಿಯ ವಿಷಯ ಹೇಳಲೇಬೇಕು. ಹೊಡೆಯುವವರು ಮೊದಲು ಬಚ್ಚಿಡುವುದು ಕಾಗದಪತ್ರ. ನನ್ನ ಅಕ್ಕ ಮನೆ ಬಿಟ್ಟಾಗ ಉಟ್ಟ ಬಟ್ಟೆಯಲ್ಲಿ ಬಂದಳು. ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್‌ವರೆಗಿನ ಎಲ್ಲ ಮೂಲ ಪ್ರತಿಗಳೂ ಭಾವನ ಬೀರುವಿನಲ್ಲಿ. ಎರಡನೇ ಪ್ರತಿ ಕೇಳಲು ಹೋದರೆ ಕಳೆದುಹೋಗಿದೆ ಎಂದು ಪೊಲೀಸ್ ದೂರು, ಪ್ರಮಾಣಪತ್ರ, ಶುಲ್ಕ. ‘ಕಳೆದುಹೋಗಿಲ್ಲ, ಎಲ್ಲಿದೆ ಎಂದು ನನಗೆ ಗೊತ್ತಿದೆ’ ಎಂದಳು ಅಕ್ಕ. ನಮೂನೆಯಲ್ಲಿ ಹಾಗೆ ಬರೆಯಲು ಜಾಗವಿಲ್ಲ. ಸುಳ್ಳು ಪ್ರಮಾಣ ಮಾಡುವುದಿಲ್ಲವೆಂದು ಹಟ ಹಿಡಿದಳು. ಒಂದು ವರ್ಷ ಹೋಯಿತು.

ಗೋಂದಿನ_ಡಬ್ಬಿ

ಈಗ ಸರ್ಕಾರದ ಡಿಜಿಟಲ್ ದಾಖಲೆ ಖಾತೆ ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಗುತ್ತದೆ. ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ವಿಶ್ವವಿದ್ಯಾಲಯ ಸೇರಿಸಿದ್ದರೆ ಅದನ್ನೇ ಮೂಲ ಪ್ರತಿಯಂತೆ ಒಪ್ಪಬೇಕು. ಇನ್ನು ಬೀರು ಒಡೆಯಬೇಕಿಲ್ಲ.

ಎರಡನೇ_ಪ್ರತಿ

ಡಿಜಿಲಾಕರ್ ತೆರೆಯಲು ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಅಕ್ಕನ ಆಧಾರ್‌ಗೆ ಜೋಡಿಸಿದ್ದು ಭಾವನ ಮೊಬೈಲ್. ಬೀರುವಿನ ಬೀಗ ಈಗ ಅವನ ಜೇಬಿಗೆ ಬಂತು, ಅಷ್ಟೇ.

ಗೋಂದಿನ_ಡಬ್ಬಿ

ಅಯ್ಯೋ. ಅದು ಹೊಳೆದಿರಲಿಲ್ಲ.

ಬಿಳಿ_ಪರದೆ

ಹಾಗಿದ್ದರೆ ಮೊದಲ ಕೆಲಸ ಆಧಾರ್ ಕೇಂದ್ರಕ್ಕೆ ಹೋಗಿ ಮೊಬೈಲ್ ಸಂಖ್ಯೆ ಬದಲಿಸುವುದು. ಬೆರಳಚ್ಚು ಸಾಕು, ಹಳೆಯ ಮೊಬೈಲ್ ಬೇಕಿಲ್ಲ. ಇದನ್ನು ನಾನು ವಿದ್ಯಾರ್ಥಿನಿಯರಿಗೆ ಮೊದಲ ಭೇಟಿಯಲ್ಲೇ ಹೇಳಲು ಶುರು ಮಾಡಿದ್ದೇನೆ. ಬ್ಯುರೆಟ್ ಮೇಡಂ, ನಿಮ್ಮ ಹುಡುಗಿಯನ್ನೂ ಕೇಳಿ.

ಬ್ಯುರೆಟ್_ಮೇಡಂ

ಎಲ್ಲವನ್ನೂ ಎರಡು ಸಲ ಓದಿದೆ. ನಡೆದಷ್ಟು ಹೇಳುತ್ತೇನೆ.

ಆಕೆಯನ್ನು ಕೇಳಿದೆ. ಪೊಲೀಸ್ ಬೇಡ, ಸಿಡಿಪಿಒ ಸದ್ಯಕ್ಕೆ ಬೇಡ, ಮನೆ ಬಿಡುವುದಿಲ್ಲ, ತಂಗಿ ಚಿಕ್ಕವಳು ಎಂದಳು. ಆಕೆಗೆ ಬೇಕಾಗಿರುವುದು ಎರಡೇ: ಸಂದೇಶ ನಿಲ್ಲಬೇಕು, ಪರೀಕ್ಷೆ ಬರೆಯಬೇಕು. ನಾನು ಏನೇನೋ ದೊಡ್ಡದನ್ನು ಯೋಚಿಸಿಕೊಂಡು ಹೋಗಿದ್ದೆ. ತಂಗಿ ಎಂದಾಗ ವಯಸ್ಸು ಕೇಳಿದೆ, ಮಕ್ಕಳ ಸಹಾಯವಾಣಿ 1098 ಬರೆದುಕೊಟ್ಟೆ. ಚೀಟಿ ತೆಗೆದುಕೊಳ್ಳಲಿಲ್ಲ, ಬಾಯಿಪಾಠ ಮಾಡಿಕೊಂಡಳು.

ಪ್ರಾಂಶುಪಾಲರ ಬಳಿ ವಕೀಲರು ಹೇಳಿದ ಸಾಲುಗಳನ್ನು ಮುದ್ರಿಸಿ ಒಯ್ದೆ. ತಂದೆಯನ್ನು ಕರೆಸುವುದನ್ನು ಬಿಟ್ಟರು. ಮುಚ್ಚಳಿಕೆಗೆ ವಿದ್ಯಾರ್ಥಿನಿಯ ಸಹಿ ಸಾಕು, ಜೊತೆಗೆ ವಿಭಾಗದ ಮುಖ್ಯಸ್ಥರ ಶಿಫಾರಸು ಎಂದರು. ಹಾಜರಾತಿ ವಿನಾಯಿತಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದು ಆಕೆಯ ಬಳಿ ಇಲ್ಲ. ಸಮಾಲೋಚಕರ ಪತ್ರವನ್ನು ಅದರ ಬದಲು ಒಪ್ಪುವರೋ ಎಂದು ವಿಶ್ವವಿದ್ಯಾಲಯಕ್ಕೆ ಬರೆದಿದ್ದೇವೆ, ಉತ್ತರ ಬಂದಿಲ್ಲ.

ಸಂದೇಶದ ಕಥೆ ಕೇಳಿ. ಪೋಷಕರ ಸಂಖ್ಯೆಯ ಜಾಗವನ್ನು ಖಾಲಿ ಬಿಡಲು ತಂತ್ರಾಂಶ ಒಪ್ಪುವುದಿಲ್ಲ. ವಿದ್ಯಾರ್ಥಿನಿಯ ಸಂಖ್ಯೆಯನ್ನೇ ಎರಡೂ ಕಡೆ ಹಾಕಲೂ ಬಿಡುವುದಿಲ್ಲ. ಕಚೇರಿಯಲ್ಲಿ ಅರ್ಧ ಗಂಟೆ ನಿಂತು ಕೊನೆಗೆ ನನ್ನ ಸಂಖ್ಯೆ ಹಾಕಿಸಿದೆ.

ಆರನೇ_ಟೇಬಲ್

ಮೇಡಂ, ನಿಮ್ಮ ಸ್ವಂತ ಸಂಖ್ಯೆ ಬೇಡ. ನಾಳೆ ನಿಮಗೆ ವರ್ಗವಾದರೆ ಯಾರೋ ಪುಣ್ಯಾತ್ಮ ಗುಮಾಸ್ತ ‘ತಪ್ಪು ಸಂಖ್ಯೆ’ ಎಂದು ಹಳೆಯದನ್ನೇ ಹಾಕುತ್ತಾನೆ. ವಿಭಾಗದ ಸಂಖ್ಯೆ ಹಾಕಿಸಿ. ಆಕೆಯಿಂದ ಒಂದು ಅರ್ಜಿ ಬರೆಸಿ, ಕಾರಣ ಬರೆಯುವುದು ಬೇಡ. ಹೀಗಿರಲಿ: ‘ನಾನು ವಯಸ್ಕಳಾಗಿದ್ದು, ನನ್ನ ಹಾಜರಾತಿ, ಅಂಕ, ವಿಳಾಸ ಮತ್ತು ದೂರವಾಣಿಗೆ ಸಂಬಂಧಿಸಿದ ಯಾವುದೇ ಮಾಹಿತಿಯನ್ನು ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಪೋಷಕರೂ ಸೇರಿದಂತೆ ಯಾರಿಗೂ ನೀಡಬಾರದೆಂದು ಕೋರುತ್ತೇನೆ. ಈ ಅರ್ಜಿಯ ಬಗ್ಗೆಯೂ ಅವರಿಗೆ ತಿಳಿಸಬಾರದು.’ ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ. ಆ ಪ್ರತಿಯನ್ನು ಆಕೆ ಮನೆಗೆ ಒಯ್ಯುವುದು ಬೇಡ, ನಿಮ್ಮ ಬೀರುವಿನಲ್ಲಿರಲಿ.

ಕೊನೆಯ ವಾಕ್ಯ ಬಿಡಬೇಡಿ. ಅದಿಲ್ಲದೆ ನಾನು ಏನು ಮಾಡಿದ್ದೆ ಎಂದು ಮೇಲೆ ಬರೆದಿದ್ದೇನೆ.

ಬೀಗದ_ಗೊಂಚಲು

ಈ ಅರ್ಜಿಯನ್ನು ನಕಲು ಮಾಡಿಕೊಂಡೆ. ಹಾಸ್ಟೆಲ್‌ಗೂ ಹೊಂದುತ್ತದೆಯೇ?

ಆರನೇ_ಟೇಬಲ್

‘ಹಾಜರಾತಿ’ ಎಂಬುದರ ಮುಂದೆ ‘ಹಾಸ್ಟೆಲ್ ಪ್ರವೇಶ ಮತ್ತು ನಿರ್ಗಮನ’ ಎಂದು ಸೇರಿಸಿಕೊಳ್ಳಿ. ಭದ್ರತಾ ಸಿಬ್ಬಂದಿಯ ಪುಸ್ತಕಕ್ಕೂ ಅನ್ವಯಿಸುತ್ತದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬರೆಯಿರಿ.

ಸಂಶಯಾತ್ಮ

ಮೇಡಂ, ಆ ಹುಡುಗಿಗೆ ಪರೀಕ್ಷೆಗೆ ಕೂರಲು ಬಿಟ್ಟರೇ?

ಬ್ಯುರೆಟ್_ಮೇಡಂ

ವಿಶ್ವವಿದ್ಯಾಲಯದ ಉತ್ತರ ಇನ್ನೂ ಬಂದಿಲ್ಲ ಸರ್. ಪ್ರವೇಶ ಪತ್ರ ಕೊಡುವ ಕೊನೆಯ ದಿನ ಶುಕ್ರವಾರ. ಪ್ರಾಯೋಗಿಕ ಪರೀಕ್ಷೆ ನಮ್ಮ ಕೈಯಲ್ಲಿರುವುದರಿಂದ ಅದನ್ನು ನಿನ್ನೆ ಮುಗಿಸಿದಳು. ಫ್ಲಾಸ್ಕನ್ನು ಬಲಗೈಯಲ್ಲೇ ಕುಲುಕಿದಳು.